ಓದುಗರ ಪ್ರಶ್ನೆ: ಡ್ರೈವರ್‌ಗಳ ಪೊಲೀಸ್ ವೆರಿಫಿಕೇಶನ್ ಯಾಕೆ ತಡ ಆಗುತ್ತದೆ?

ಪ್ರಶ್ನೆ: ನಾನು ಲಾರಿ ಡ್ರೈವರ್. ತೋರಣಗಲ್ಲು ಕಡೆಯ ಒಂದು ಕಾರ್ಖಾನೆಗೆ ಲೋಡು ಹೊಡೆಯಲು ಗೇಟ್ ಪಾಸ್ ಬೇಕು, ಅದಕ್ಕೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಕೇಳಿದ್ದಾರೆ. ಸೇವಾಸಿಂಧುವಿನಲ್ಲಿ ಎರಡು ಸಲ ಅರ್ಜಿ ಹಾಕಿದೆ, ಎರಡೂ ಸಲ ವಾಪಸ್ ಬಂತು. ನನ್ನ ಮೇಲೆ ಒಂದೂ ಕೇಸಿಲ್ಲ. ಮಾಲೀಕರು ಬೇರೆ ಡ್ರೈವರ್ ನೋಡ್ಕೊಳ್ತೀನಿ ಅನ್ನುತ್ತಿದ್ದಾರೆ. ನಮ್ಮೂರು ಕೂಡ್ಲಿಗಿ ತಾಲ್ಲೂಕು, ಈಗ ಇರೋದು ಸಂಡೂರು ತಾಲ್ಲೂಕಿನಲ್ಲಿ, ಬಾಡಿಗೆ ರೂಮು.

ಉತ್ತರ: ಮೂರನೇ ಅರ್ಜಿ ಈಗಲೇ ಹಾಕಬೇಡಿ. ಮೊದಲು ಆ ಎರಡು ಅರ್ಜಿ ಯಾಕೆ ವಾಪಸ್ ಬಂದವು ಅಂತ ನೋಡಿ. ಅರ್ಜಿ ಸಂಖ್ಯೆ ಹಾಕಿದರೆ ಸ್ಥಿತಿ ಕಾಣಿಸುತ್ತದೆ, ಅಲ್ಲಿ ಕಾರಣ ಸರಿಯಾಗಿ ಬರೆದಿಲ್ಲ ಅಂದ್ರೆ ಸ್ಟೇಷನ್‌ಗೇ ಹೋಗಿ ಕೇಳಿ. ಕಾರಣ ಗೊತ್ತಿಲ್ಲದೆ ಮತ್ತೆ ಮತ್ತೆ ಅರ್ಜಿ ಹಾಕಿದರೆ ಅದೇ ಕಲ್ಲಿಗೆ ಮತ್ತೆ ಎಡವುತ್ತೀರಿ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು ಕೂಡ್ಲಿಗಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತು. ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ಆ ಕಡೆ ಹೋದವು. ಆದರೆ ಆ ತಾಲ್ಲೂಕುಗಳ ಎಷ್ಟೋ ಜನರ ಆಧಾರ್‌ನಲ್ಲಿ, ಲೈಸೆನ್ಸ್‌ನಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಅಂತಲೇ ಇದೆ. ಅದನ್ನು ನೋಡಿಕೊಂಡು ಫಾರಂ ತುಂಬಿದರೆ ನಿಮ್ಮ ಅರ್ಜಿ ಬಳ್ಳಾರಿ ಎಸ್‌ಪಿ ಕಚೇರಿಗೆ ಹೋಗುತ್ತದೆ, ಅವರು ಈ ಊರು ನಮ್ಮ ಜಿಲ್ಲೆಯದಲ್ಲ ಅಂತಾರೆ, ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಈಗ ಎಲ್ಲಿ ವಾಸ ಇದ್ದೀರೋ ಅದನ್ನೇ ಈಗಿನ ವಿಳಾಸ ಅಂತ ಕೊಡಿ, ಬಾಡಿಗೆ ಕರಾರು ಪತ್ರ ಜೊತೆಗಿಡಿ. ಕೂಡ್ಲಿಗಿ ವಿಳಾಸವನ್ನು ಕಾಯಂ ವಿಳಾಸದ ಜಾಗದಲ್ಲಿ, ಜಿಲ್ಲೆ ವಿಜಯನಗರ ಅಂತ ಹಾಕಿ ಬರೆಯಿರಿ. ಸ್ಟೇಷನ್ ಯಾವುದು ಅನ್ನೋದನ್ನು ಊಹೆ ಮಾಡಬೇಡಿ. ರೂಮಿನ ಮಾಲೀಕರನ್ನು ಕೇಳಿದರೆ ಒಂದು ನಿಮಿಷದ ಕೆಲಸ.

ಎರಡನೆಯದು ಹೆಸರು. ನಾನು ಒಂದು ಲಾರಿ ಆಫೀಸಿನಲ್ಲಿ ಹನ್ನೊಂದು ವರ್ಷ ಇಂಥ ಅರ್ಜಿಗಳನ್ನು ತುಂಬಿದ್ದೇನೆ. ಡ್ರೈವರ್ ಬಂದ ಕೂಡಲೇ ಆಧಾರ್, ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಟೇಬಲ್ ಮೇಲೆ ಸಾಲಾಗಿ ಇಡಿಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಆಧಾರ್‌ನಲ್ಲಿ ಹನುಮಂತಪ್ಪ, ಲೈಸೆನ್ಸ್‌ನಲ್ಲಿ ಬಿ. ಹನುಮಂತ, ಪಾಸ್‌ಬುಕ್‌ನಲ್ಲಿ ಬಡಿಗೇರ ಹನುಮಂತಪ್ಪ! ಮನುಷ್ಯ ಒಬ್ಬನೇ, ಕಂಪ್ಯೂಟರ್‌ಗೆ ಮಾತ್ರ ಮೂವರು. ನಮ್ಮ ಕಡೆ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬರೀ ಇನಿಷಿಯಲ್, ಅದರ ಮೇಲೆ ಇಂಗ್ಲಿಷ್‌ನಲ್ಲಿ ಬರೆಯುವಾಗ ಟಿ ಆದಮೇಲೆ ಎಚ್ ಇರಬೇಕೋ ಬೇಡವೋ ಅನ್ನೋ ಗೊಂದಲ ಬೇರೆ. ಅರ್ಜಿಯಲ್ಲಿ ಆಧಾರ್‌ನಲ್ಲಿ ಇರುವ ಹಾಗೇ ಬರೆಯಿರಿ, ನಿಮಗೆ ಸರಿ ಅನಿಸಿದ ಹಾಗಲ್ಲ. ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆದರೆ ನೋಡ್ಕೊಂಡು ಮಾಡಿಸಿ. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಬಿಡುತ್ತಾರೆ, ಹುಟ್ಟಿದ ದಿನಾಂಕವನ್ನು ಒಂದೇ ಸಲ.

ಮೊಬೈಲ್ ನಂಬರ್ ಕೂಡ ನೋಡಿ. ಡ್ರೈವರ್‌ಗಳು ಆಫರ್ ಸಿಕ್ಕಿತು ಅಂತ ಸಿಮ್ ಬದಲಿಸುತ್ತಾರೆ, ಆಧಾರ್‌ಗೆ ಜೋಡಿಸಿದ್ದು ಹಳೇ ನಂಬರೇ ಉಳಿಯುತ್ತದೆ, ಒಟಿಪಿ ಯಾರಿಗೋ ಹೋಗುತ್ತದೆ. ಇನ್ನು ಸೈಬರ್ ಸೆಂಟರ್‌ನವರು ಅವಸರದಲ್ಲಿ ತಮ್ಮದೇ ನಂಬರ್ ಹಾಕಿದ್ದರಂತೂ ಸ್ಟೇಷನ್‌ನಿಂದ ಫೋನ್ ಬಂದಿದ್ದೇ ನಿಮಗೆ ಗೊತ್ತಾಗಲ್ಲ.

ಈಗ ಮುಖ್ಯವಾದದ್ದು. ಬೀಟ್ ಪೊಲೀಸರು ಮನೆಗೆ ಬಂದಾಗ ಮನೆಯಲ್ಲಿ ಯಾರಿರುತ್ತಾರೆ? ನಮ್ಮ ಆಫೀಸಿನ ಒಬ್ಬ ಡ್ರೈವರ್‌ದು ಹೀಗಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಪೊಲೀಸರು ಬಂದು ಬಾಗಿಲು ಬಡಿದಿದ್ದಾರೆ, ಈತ ಆಂಧ್ರದ ಕೃಷ್ಣಪಟ್ಟಣಂ ಬಂದರಿನ ಲೈನ್‌ನಲ್ಲಿ ಇದ್ದ. ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದು ಪೊಲೀಸರನ್ನು ನೋಡಿ ಹೆದರಿ, ‘ಅವರು ಇಲ್ಲಿಲ್ರೀ, ಯಾವಾಗ ಬರ್ತಾರೋ ಗೊತ್ತಿಲ್ಲ’ ಅಂದುಬಿಟ್ಟಳು. ಪಕ್ಕದ ಮನೆಯವರೂ ‘ನಾವು ನೋಡೇ ಇಲ್ಲ’ ಅಂದರು. ಪೊಲೀಸರು ಬರೆದದ್ದು ಇಷ್ಟೇ: ಸದರಿ ವಿಳಾಸದಲ್ಲಿ ವಾಸವಿಲ್ಲ. ಅದರಲ್ಲಿ ಅವರದೇನೂ ತಪ್ಪಿಲ್ಲ, ಅವರಿಗೆ ಸಿಕ್ಕ ಮಾಹಿತಿ ಅಷ್ಟೇ. ಆದರೆ ಆ ಮೂರು ಪದಕ್ಕೆ ಆ ಡ್ರೈವರ್‌ನ ಒಂದು ತಿಂಗಳ ಕೆಲಸ ಹೋಯಿತು. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಅದಕ್ಕೇ ಹೇಳೋದು, ಅರ್ಜಿ ಹಾಕಿದ ದಿನವೇ ಮನೆಯವರಿಗೂ ಪಕ್ಕದ ಇಬ್ಬರಿಗೂ ವಿಷಯ ತಿಳಿಸಿ. ದಾಖಲೆಗಳ ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿಡಿ. ಅನುಕೂಲ ಆದರೆ ಟ್ರಿಪ್‌ಗೆ ಹೊರಡೋ ಮೊದಲು ಸ್ಟೇಷನ್‌ಗೆ ಹೋಗಿ, ಇಂಥ ದಿನ ಊರಲ್ಲಿರುತ್ತೇನೆ ಅಂತ ಹೇಳಿ ಬನ್ನಿ.

ಎಲ್ಲ ಸರಿ ಇದ್ದೂ ಗಡುವು ದಾಟಿತು ಅಂದ್ರೆ, ಅದು ಸಕಾಲದಡಿ (ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನೋ ಕಾಯ್ದೆ) ಬರುವ ಅರ್ಜಿಯಾಗಿದ್ದರೆ ಸ್ವೀಕೃತಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಅದನ್ನಿಟ್ಟುಕೊಂಡು ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಕಾಯ್ದೆಯಲ್ಲಿದೆ. ದುಡ್ಡು ಕಡಿಮೆಯೇ, ಆದರೆ ಮೇಲ್ಮನವಿ ಹಾಕಿದ ಫೈಲ್ ಸುಮ್ನೆ ಒಂದು ಕಡೆ ಬಿದ್ದಿರಲ್ಲ.

ಪ್ರಶ್ನೆ: ಆರು ವರ್ಷದ ಹಿಂದೆ ಗಿಣಿಗೇರಾ ಹತ್ತಿರ ನನ್ನ ಗಾಡಿಗೆ ಬೈಕ್ ತಾಗಿ ಒಬ್ಬರ ಕಾಲು ಮುರಿಯಿತು. ಇನ್ಶೂರೆನ್ಸ್‌ನವರು ದುಡ್ಡು ಕೊಟ್ಟು ಕೇಸ್ ಮುಗಿಯಿತು. ಅರ್ಜಿಯಲ್ಲಿ ಕೇಸ್ ಇಲ್ಲ ಅಂತ ಬರೆಯಬಹುದಾ? (ಕೊಪ್ಪಳ)

ಉತ್ತರ: ಬರೆಯಬೇಡಿ. ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಅಪಘಾತದಿಂದ ಎರಡು ಕೇಸ್ ಹುಟ್ಟುತ್ತವೆ. ಪರಿಹಾರದ ದುಡ್ಡಿನದು ಒಂದು, ಅದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ನಡೆಯುತ್ತದೆ, ಇನ್ಶೂರೆನ್ಸ್‌ನವರು ಮುಗಿಸಿದ್ದು ಅದನ್ನು. ಅಜಾಗರೂಕ ಚಾಲನೆ ಅಂತ ನಿಮ್ಮ ಮೇಲೆ ಪೊಲೀಸರು ಹಾಕಿದ ಕ್ರಿಮಿನಲ್ ಕೇಸ್ ಬೇರೆ, ಅದು ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ ಇರುತ್ತದೆ. ನಿಮ್ಮದು ಐಪಿಸಿ 279, 338ರ ಕೆಳಗೆ ಇದ್ದೀತು. 2024ರ ಜುಲೈ 1ರಿಂದ ಈಚೆಗಿನ ಅಪಘಾತವಾದರೆ, ಐಪಿಸಿ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ನ 281, 125 ಅಂತ ಇರುತ್ತದೆ. ಆ ಕೇಸ್ ಏನಾಯಿತು ಅಂತ ನಿಮಗೆ ಗೊತ್ತಾ? ಸಮನ್ಸ್ ಹಳೇ ವಿಳಾಸಕ್ಕೆ ಹೋಗಿ, ನೀವು ಹಾಜರಾಗದೆ, ವಾರಂಟ್ ಆಗಿ ಕೂತಿರಲೂಬಹುದು.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ಕೇಸ್ ಮುಗಿದಿದ್ದರೆ ಕೋರ್ಟ್‌ನಿಂದ ತೀರ್ಪಿನ ದೃಢೀಕೃತ ನಕಲು ತೆಗೆದು ಅರ್ಜಿಗೆ ಲಗತ್ತಿಸಿ. ತಪ್ಪೊಪ್ಪಿ ದಂಡ ಕಟ್ಟಿದ್ದರೆ ಅದೂ ಶಿಕ್ಷೆಯೇ, ಹೇಳಲೇಬೇಕು. ಬಾಕಿ ಇದ್ದರೆ ವಕೀಲರನ್ನು ನೋಡಿ, ಅರ್ಜಿಯಲ್ಲಿ ಕೇಸ್ ನಂಬರ್ ಸಮೇತ ಬರೆಯಿರಿ. ಪೊಲೀಸರ ಕಂಪ್ಯೂಟರ್‌ನಲ್ಲಿ ಅದು ಕಾಣುತ್ತದೆ. ನೀವು ಇಲ್ಲ ಅಂದು, ಅಲ್ಲಿ ಇದೆ ಅಂತ ಬಂದರೆ, ಅಪಘಾತಕ್ಕಿಂತ ಸುಳ್ಳೇ ದೊಡ್ಡದಾಗುತ್ತದೆ.

ಪ್ರಶ್ನೆ: ನಾನು ಡೀಸೆಲ್ ಟ್ಯಾಂಕರ್ ಡ್ರೈವರ್, ಶಕ್ತಿನಗರ. ಪೊಲೀಸ್ ಸರ್ಟಿಫಿಕೇಟ್ ಇದೆ, ಆದರೂ ಡಿಪೋದಲ್ಲಿ ಒಳಗೆ ಬಿಡಲಿಲ್ಲ.

ಉತ್ತರ: ಲೈಸೆನ್ಸ್ ತೆಗೆದು ನೋಡಿ, ಡೀಸೆಲ್‌ನಂಥ ಅಪಾಯಕಾರಿ ಸರಕು ಸಾಗಿಸಲು ಬೇಕಾದ ನಮೂದು ಇದೆಯಾ, ಅವಧಿ ಮುಗಿದಿದೆಯಾ? ಅದಕ್ಕೆ ಮೂರು ದಿನದ ತರಬೇತಿ ಬೇಕು. 2019ರ ತಿದ್ದುಪಡಿಯಾದ ಮೇಲೆ ಅವಧಿ ಮೂರು ವರ್ಷ, ನವೀಕರಣಕ್ಕೆ ಒಂದು ದಿನದ ತರಬೇತಿ. ಬಾಕಿ ಸಾರಿಗೆ ಲೈಸೆನ್ಸ್‌ಗೆ ಐದು ವರ್ಷ ಇರುವುದರಿಂದ ತುಂಬಾ ಜನ ಇದನ್ನೂ ಐದು ಅಂದುಕೊಂಡು ಮರೆತಿರುತ್ತಾರೆ. ರಾಯಚೂರು ಆರ್‌ಟಿಒದಲ್ಲಿ ವಿಚಾರಿಸಿ.

ಪ್ರಶ್ನೆ: ತಮ್ಮ ಸೌದಿಗೆ ಡ್ರೈವರ್ ಕೆಲಸಕ್ಕೆ ಹೊರಟಿದ್ದಾನೆ. ಇಲ್ಲಿನ ಎಸ್‌ಪಿ ಕಚೇರಿಯ ಸರ್ಟಿಫಿಕೇಟ್ ನಡೆಯುತ್ತಾ? (ಮಾನ್ವಿ)

ಉತ್ತರ: ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರು ಪಾಸ್‌ಪೋರ್ಟ್ ಸೇವಾ ಮೂಲಕ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ತಗೋಬೇಕು. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಅದಕ್ಕೆ ಅರ್ಜಿ ತಗೊಳ್ಳುತ್ತಾರೆ. ಪಾಸ್‌ಪೋರ್ಟ್‌ನಲ್ಲಿರುವ ವಿಳಾಸ, ಈಗ ಇರುವ ವಿಳಾಸ ಬೇರೆ ಬೇರೆ ಇದ್ದರೆ ಈಗಿನದಕ್ಕೆ ದಾಖಲೆ ಸಿದ್ಧ ಇಟ್ಟುಕೊಳ್ಳಲಿ. ವಿಮಾನದ ಟಿಕೆಟ್ ತೆಗೆಸೋದು ಪಿಸಿಸಿ ಕೈಗೆ ಬಂದಮೇಲೆ. ಏಜೆಂಟರು ಎಷ್ಟೇ ಅವಸರ ಮಾಡಿದರೂ ಅದಕ್ಕೆ ಮೊದಲು ಬೇಡ.