ಕಾಡು ಕಡಿದಾಗ ಮಣ್ಣಿನೊಳಗೆ ಏನಾಗುತ್ತದೆ?

ಪ್ರಶ್ನೆ: ಕಾಡು ಕಡಿದು ಹುಲ್ಲುಗಾವಲು ಮಾಡಿದ ನೆಲದಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತೆಂದು ಓದಿದೆ. ಹಾಗಿದ್ದರೆ ಭೂಬಳಕೆ ಬದಲಾದರೆ ಮಣ್ಣಿನ ಜೀವಿಗಳಿಗೆ ಕೇಡು ಎನ್ನುವುದು ಉತ್ಪ್ರೇಕ್ಷೆಯೇ?

ಉತ್ತರ: ನೀವು ಓದಿದ್ದು ಅಮೆಜಾನ್ ಕಾಡಿನ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದ ವಿಷಯವಿರಬೇಕು. ಅದು ಸುಳ್ಳಲ್ಲ, ಆದರೆ ಅರ್ಧ ಸಂಗತಿ ಮಾತ್ರ. ಕಾಡನ್ನು ಸುಟ್ಟಾಗ ಬೂದಿ ಬೆರೆತು ಮಣ್ಣಿನ ಆಮ್ಲೀಯತೆ ತಗ್ಗುತ್ತದೆ. ಆಮ್ಲೀಯತೆ ತಗ್ಗಿದ ಮಣ್ಣು ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿಗೆ ಒಗ್ಗುವುದರಿಂದ ಒಂದು ಹಿಡಿ ಮಣ್ಣಿನಲ್ಲಿ ಅವುಗಳ ಬಗೆಗಳು ಹೆಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಕಾಡಿನಲ್ಲಿ ಒಂದು ಜಾಗದ ಜೀವಿಗಳಿಗೂ ಇನ್ನೊಂದು ಜಾಗದ ಜೀವಿಗಳಿಗೂ ಇದ್ದ ವ್ಯತ್ಯಾಸ ಹುಲ್ಲುಗಾವಲಿನಲ್ಲಿ ಕುಗ್ಗಿ, ಎಲ್ಲೆಡೆ ಹೆಚ್ಚುಕಡಿಮೆ ಅವೇ ಬಗೆಗಳು ಕಂಡುಬಂದಿದ್ದವು. ಆಯಾ ಜಾಗಕ್ಕೇ ಸೀಮಿತವಾದವು ಮರೆಯಾದ ಮೇಲೆ ಎಣಿಕೆ ಏರಿತೆಂದು ಸಮಾಧಾನಪಡುವುದು ನನಗೆ ಸರಿಯೆನಿಸುವುದಿಲ್ಲ.

ಉಳುಮೆಯ ಪರಿಣಾಮವನ್ನು ತಿಳಿಯಲು ಎರೆಹುಳುವನ್ನೇ ನೋಡಿ. ಆಳಕ್ಕೆ ನೇರವಾಗಿ ಬಿಲ ಕೊರೆಯುವ ಜಾತಿಯ ಹುಳು ರಾತ್ರಿ ಮೇಲೆ ಬಂದು, ಬಿದ್ದ ಎಲೆಯನ್ನು ಹಿಡಿದು ಬಿಲದೊಳಗೆ ಎಳೆದುಕೊಳ್ಳುತ್ತದೆ. ಅದು ಸಾಮಾನ್ಯವಾಗಿ ಎಲೆಯ ಚೂಪಾದ ತುದಿಯನ್ನೇ ಹಿಡಿಯುತ್ತದೆಂದು ಡಾರ್ವಿನ್ 1881ರಲ್ಲೇ ದಾಖಲಿಸಿದ್ದಾರೆ. ನೇಗಿಲು ಹಾಯ್ದರೆ ಬಿಲದ ಮೇಲ್ಭಾಗ ಮುಚ್ಚಿಹೋಗುತ್ತದೆ, ಮೇಲಿದ್ದ ಎಲೆಯೂ ಹೂತುಹೋಗುತ್ತದೆ. ಮನೆ, ಆಹಾರ ಎರಡೂ ಒಟ್ಟಿಗೇ ಹೋದಂತೆ. ಮಣ್ಣನ್ನೇ ತಿಂದು ಅಡ್ಡಡ್ಡ ಸಾಗುವ ಜಾತಿಗಳು ಮಾತ್ರ ಇದನ್ನು ಅಷ್ಟಿಷ್ಟು ತಾಳಿಕೊಳ್ಳುತ್ತವೆ. ಬೇರಿಗೆ ರಂಜಕ ಒದಗಿಸುವ ಮೈಕೊರೈಜಾ ಶಿಲೀಂಧ್ರಗಳ ಎಳೆಗಳೂ ಪ್ರತಿ ಉಳುಮೆಗೆ ತುಂಡಾಗುತ್ತವೆ. ಒಟ್ಟಾರೆ, ದೊಡ್ಡ ದೇಹದವು ಮತ್ತು ನಿಧಾನವಾಗಿ ಬೆಳೆಯುವವು ಮೊದಲು ಸೋಲುತ್ತವೆ; ಬೇಗ ದ್ವಿಗುಣವಾಗುವ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ. ಇನ್ನು ಕಾಂಕ್ರೀಟಿನಡಿ ಸೇರಿದ ಮಣ್ಣಿಗೆ ಹೊಸ ಎಲೆಕಸವಾಗಲಿ ಬೇರಾಗಲಿ ಸಿಗುವುದೇ ಇಲ್ಲ. ಅಲ್ಲಿ ಚರ್ಚೆಗೆ ಹೆಚ್ಚೇನೂ ಉಳಿಯುವುದಿಲ್ಲ.

ಪ್ರಶ್ನೆ: ಉಳುಮೆ ನಿಲ್ಲಿಸಿ ನೆಲವನ್ನು ಹಾಗೇ ಬಿಟ್ಟರೆ ಎಲ್ಲವೂ ಮರಳುತ್ತವೆಯೇ?

ಉತ್ತರ: ಕೆಲವು ಬೇಗ ಮರಳುತ್ತವೆ, ಕೆಲವು ಬಹಳ ತಡವಾಗಿ. ಎರೆಹುಳುಗಳು ತಾವಾಗಿಯೇ ವರ್ಷಕ್ಕೆ ಕೆಲವೇ ಮೀಟರುಗಳಷ್ಟು ಹರಡುತ್ತವೆ. ಕಳೆದುಹೋದ ಸಾವಯವ ಇಂಗಾಲ ತುಂಬಿಕೊಳ್ಳಲು ದಶಕಗಳು ಬೇಕು. ಫ್ರಾನ್ಸಿನ ಟ್ರಾನ್ಸೇ ಕಾಡಿನಲ್ಲಿ ರೋಮನ್ನರ ಕಾಲದ ವಸತಿ ಮತ್ತು ಬೇಸಾಯದ ಗುರುತು, ಶತಮಾನಗಳುದ್ದಕ್ಕೂ ಮರಗಳು ಬೆಳೆದ ಮೇಲೆಯೂ, ಮಣ್ಣಿನ ಪೋಷಕಾಂಶಗಳಲ್ಲಿ ಮತ್ತು ಅಲ್ಲಿನ ಸಸ್ಯಗಳಲ್ಲಿ ಕಾಣುತ್ತದೆ. ಆದ್ದರಿಂದ ಇಡೀ ನೆಲವನ್ನು ಕೆಡಿಸಿ ಆಮೇಲೆ ಬಿಡುವುದಕ್ಕಿಂತ ಬದುಗಳಲ್ಲಿ ಉಳದ ಹುಲ್ಲಿನ ಪಟ್ಟಿಗಳನ್ನು ಮೊದಲಿನಿಂದಲೇ ಉಳಿಸಿಕೊಳ್ಳುವುದು ಲೇಸು. ಜೀವಿಗಳು ಪಕ್ಕದ ಹೊಲಕ್ಕೆ ಮರಳುವುದು ಅಲ್ಲಿಂದಲೇ.