ಕರಿ ನಾಯಿ, ಜಗಲಿಯ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸದಾಗಿ ಮನೆಗೆ ಬಂದ ನಾಯಿಗಳ ಫೋಟೊ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬೀದಿಯಲ್ಲಿದ್ದ ಒಂದು ವರ್ಷದ ಹೆಣ್ಣುನಾಯಿಯನ್ನು ಮನೆಗೆ ತಂದು ಹತ್ತು ದಿನವಾಯಿತು. ಮೊಬೈಲ್ ಎತ್ತಿದರೆ ಸಾಕು, ಮುಖ ತಿರುಗಿಸಿ ಮಂಚದಡಿ ಸೇರುತ್ತದೆ. ಏನು ಮಾಡಬೇಕು?
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ನಾಯಿಗೆ ಹೆದರಿಕೆಯಾಗುತ್ತಿದೆ. ನಾಯಿಗಳ ಲೋಕದಲ್ಲಿ ನೆಟ್ಟ ನೋಟವೆಂದರೆ ಬೆದರಿಕೆ. ಮುಖದೆದುರು ಹಿಡಿದ ಲೆನ್ಸ್ ಅದಕ್ಕೆ ರೆಪ್ಪೆ ಬಡಿಯದ ಕಣ್ಣಿನ ಹಾಗೆ. ಬೀದಿಯಲ್ಲಿ ಬೆಳೆದ ನಾಯಿಗೆ ಎತ್ತಿದ ಕೈ ಎಂದರೆ ಕಲ್ಲೇಟು ಎಂಬ ನೆನಪೂ ಇರಬಹುದು.

ಮೂರು ನಾಲ್ಕು ದಿನ ಫೋಟೊದ ಯೋಚನೆಯನ್ನೇ ಬಿಡಿ. ಮೊಬೈಲನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಐದಾರು ಚೂರು ಇಡಿ. ಕಡಲೆಕಾಳಿನಷ್ಟು ಗಾತ್ರ ಸಾಕು. ಮಾಂಸ ತರದ ಮನೆಯಾದರೆ ಬೇಯಿಸಿದ ಗೆಣಸು ಆಗುತ್ತದೆ. ಒಣದ್ರಾಕ್ಷಿ ಮಾತ್ರ ಬೇಡ, ನಾಯಿಯ ಕಿಡ್ನಿಗೆ ಅದು ವಿಷ. ನಾಯಿ ತಾನಾಗಿ ಬಂದು ತಿನ್ನತೊಡಗಿದ ಮೇಲೆ ಮೊಬೈಲನ್ನು ಎದೆಮಟ್ಟದಲ್ಲಿ ಹಿಡಿದು, ನಾಯಿಗೆ ಪಕ್ಕವಾಗಿ ಕುಳಿತು ಚೂರು ಹಾಕಿ. ಕೊನೆಗೆ ಕ್ಲಿಕ್ ಸದ್ದನ್ನು ತೀರ ಸಣ್ಣದಾಗಿಟ್ಟು, ಒಂದು ಕ್ಲಿಕ್, ಕೂಡಲೇ ಒಂದು ಚೂರು. ಸದ್ದು ಮೊದಲು, ತಿಂಡಿ ಆಮೇಲೆ. ಇದು ತಿರುಗುಮುರುಗಾದರೆ ನಾಯಿ ನಿಮ್ಮ ಕೈಯನ್ನೇ ನೋಡುತ್ತ ಕೂರುತ್ತದೆ, ಸದ್ದಿನ ಅಂಜಿಕೆ ಹಾಗೇ ಉಳಿಯುತ್ತದೆ. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಎರಡು ಸಲ.

ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಕಿವಿಯನ್ನು ಹಿಂದಕ್ಕೆ ಒತ್ತುವುದು, ಓರೆಗಣ್ಣಿನಲ್ಲಿ ಬಿಳಿ ಕಾಣುವುದು: ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅವತ್ತಿಗೆ ನಿಲ್ಲಿಸಿ. ಮಂಚದಡಿಯಿಂದ ಮಾತ್ರ ಎಂದೂ ಎಳೆಯಬೇಡಿ. ಸದ್ಯಕ್ಕೆ ಈ ಲೋಕದಲ್ಲಿ ಅದಕ್ಕೆ ಸ್ವಂತವಾಗಿರುವುದು ಆ ಜಾಗವೊಂದೇ.

ಪ್ರಶ್ನೆ: ನಮ್ಮದು ಅಪ್ಪಟ ಕರಿ ನಾಯಿ, ಎದೆಯಲ್ಲಿ ಮಾತ್ರ ಸ್ವಲ್ಪ ಬಿಳಿ. ಅಂಗಳದಲ್ಲಿ ತೆಗೆದರೆ ಮಸಿಮುದ್ದೆ, ಹತ್ತಿರದಿಂದ ತೆಗೆದರೆ ಬೂದಿ ಬಣ್ಣ. ಯಾಕೆ?
— ಓದುಗರು, ಸಾಗರ

ಉತ್ತರ: ಎರಡಕ್ಕೂ ಕಾರಣ ಒಂದೇ. ಕ್ಯಾಮೆರಾದ ಬೆಳಕಿನ ಅಳತೆ ಎದುರಿಗಿದ್ದದ್ದು ಸರಾಸರಿ ಬೂದು ಬಣ್ಣದ್ದು ಎಂದುಕೊಂಡು ಲೆಕ್ಕ ಹಾಕುತ್ತದೆ. ಬಿಸಿಲು ಬಿದ್ದ ಅಂಗಳದಲ್ಲಿ ನಾಯಿ ಸಣ್ಣದಾಗಿ ಕಾಣುವಾಗ ಅಳತೆ ಅಂಗಳಕ್ಕೆ ಹೊಂದಿಕೊಳ್ಳುತ್ತದೆ, ನಾಯಿ ಕಪ್ಪಿನಲ್ಲಿ ಮುಳುಗುತ್ತದೆ. ಹತ್ತಿರ ಹೋದಾಗ ಚೌಕಟ್ಟಿನ ತುಂಬ ಕಪ್ಪೇ ಇರುವುದರಿಂದ, ಅದನ್ನು ಬೂದು ಮಾಡುವಷ್ಟು ಬೆಳಕು ಎಳೆದುಕೊಳ್ಳುತ್ತದೆ. ಹಾಗಾಗಿ ದೂರದ ಫೋಟೊದಲ್ಲಿ ಒಳಬರುವ ಬೆಳಕಿನ ಪ್ರಮಾಣವನ್ನು, ಅಂದರೆ ಎಕ್ಸ್‌ಪೋಶರ್ ಅನ್ನು +0.7ರಿಂದ +1ಕ್ಕೆ ಏರಿಸಿ. ಮುಖ ತುಂಬಿ ಬರುವ ಫೋಟೊದಲ್ಲಿ -0.7ಕ್ಕೆ ಇಳಿಸಿ. ಮೊಬೈಲಿನಲ್ಲಿ ಕಣ್ಣಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿದರೂ ಇದೇ ಕೆಲಸ. ಎದೆಯ ಬಿಳಿಯಲ್ಲಿ ಕೂದಲಿನ ಎಳೆಗಳು ಕಾಣುತ್ತಿವೆಯೇ ನೋಡಿಕೊಳ್ಳಿ. ಅದು ಬರೀ ಬಿಳಿ ತೇಪೆಯಾದರೆ ಬೆಳಕು ಹೆಚ್ಚಾಯಿತು ಎಂದರ್ಥ. ಹೀಗೆ ಸುಟ್ಟುಹೋದ ಬಿಳಿಯನ್ನು ಆಮೇಲೆ ಯಾವ ಆ್ಯಪ್‌ನಲ್ಲೂ ವಾಪಸು ತರಲಾಗದು. ಕಪ್ಪನ್ನಾದರೆ ಸ್ವಲ್ಪ ಎತ್ತಬಹುದು.

ಆದರೆ ಕರಿ ನಾಯಿಯ ಫೋಟೊವನ್ನು ನಿಜವಾಗಿ ಗೆಲ್ಲಿಸುವುದು ಈ ಅಂಕಿಗಳಿಗಿಂತ ಜಾಗ. ಕಪ್ಪು ಕೂದಲಿನ ಚೆಲುವು ಅದರ ಮೇಲೆ ಜಾರುವ ಹೊಳಪಿನಲ್ಲಿದೆ, ಆ ಹೊಳಪಿಗೆ ಅಗಲವಾದ ಮೆದು ಬೆಳಕು ಬೇಕು. ಅದು ನಿಮ್ಮ ಮನೆಯ ಜಗಲಿಯಲ್ಲೇ ಇದೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ, ನೇರ ಬಿಸಿಲು ಬೀಳದ ಕಡೆ, ಜಗಲಿಯ ಅಂಚಿನಿಂದ ಎರಡು ಅಡಿ ಒಳಗೆ ನಾಯಿ ಮಲಗಲಿ. ಆಕಾಶ ಅದರ ಒಂದು ಪಕ್ಕಕ್ಕೆ ಇರಲಿ. ನೀವು ಅಂಗಳಕ್ಕೆ ಬೆನ್ನು ಹಾಕದೆ, ಜಗಲಿಯ ಉದ್ದಕ್ಕೆ ಕುಳಿತು ತೆಗೆಯಿರಿ. ಕತ್ತಲಿನ ಬದಿಯಲ್ಲಿ ನೆಲಕ್ಕೊಂದು ಒಗೆದ ಬಿಳಿ ಪಂಚೆ ಹಾಸಿದರೆ ದವಡೆಯ ಕೆಳಗಿನ ನೆರಳು ತಿಳಿಯಾಗುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಇಲ್ಲದಿದ್ದರೆ ಕರಿ ನಾಯಿಗೆ ಕಣ್ಣೇ ಇಲ್ಲದಂತೆ ಕಾಣುತ್ತದೆ. ಹಿನ್ನೆಲೆಗೆ ಕೊಟ್ಟಿಗೆಯ ಕತ್ತಲು ಬೇಡ. ಗಾರೆ ಬಳಿಯದ ಜಂಬಿಟ್ಟಿಗೆ ಗೋಡೆಯ ಕೆಂಪಿನಷ್ಟು ಕಪ್ಪಿಗೆ ಒಪ್ಪುವ ಬಣ್ಣ ಮಲೆನಾಡಿನಲ್ಲಿ ಬೇರೆ ಇಲ್ಲ. ಫ್ಲ್ಯಾಶ್ ಹಾಕಬೇಡಿ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿ ಚೆಲ್ಲುವ ಪದರವಿದೆ, ಅದರಿಂದಲೇ ಫ್ಲ್ಯಾಶ್ ಫೋಟೊದಲ್ಲಿ ಹಸಿರು ಗೋಲಿಗಳು ಕಾಣುವುದು.

ಪ್ರಶ್ನೆ: ಅಡಿಕೆ ತೋಟದಲ್ಲಿ ತೆಗೆದರೆ ಬಿಳಿ ನಾಯಿ ಹಸಿರಾಗುತ್ತದೆ, ಮೈಮೇಲೆಲ್ಲ ಬಿಸಿಲಿನ ಮಚ್ಚೆ. ನೆಲಕ್ಕೆ ಮಲಗಿ ತೆಗೆಯಿರಿ ಅನ್ನುತ್ತಾರೆ, ಸರಿಯೇ?
— ಓದುಗರು, ಹೊಸನಗರ

ಉತ್ತರ: ಸೋಗೆಯ ಮೂಲಕ ಇಳಿದ, ಎಲೆಗಳಿಂದ ಚಿಮ್ಮಿದ ಬೆಳಕೇ ಹಸಿರು. ಅದೇ ಜಾಗದಲ್ಲಿ ಒಂದು ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೆಟ್ಟಿಂಗ್) ಹೊಂದಿಸಿದರೆ ಬಹುಪಾಲು ಸರಿಹೋಗುತ್ತದೆ. ಬಿಸಿಲಿನ ಮಚ್ಚೆಗೆ ಮಾತ್ರ ಯಾವ ಸೆಟ್ಟಿಂಗಿನಲ್ಲೂ ಮದ್ದಿಲ್ಲ. ಮೋಡ ಕವಿದ ಹೊತ್ತು ಹೋಗಿ, ಇಲ್ಲವೇ ತೋಟದಿಂದ ಗದ್ದೆಯಂಚಿಗೆ ಬನ್ನಿ. ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಇಳಿಸಲೇಬೇಡಿ. ಮೈಗೆ ತಾಗಿದ ಮೈಲುತುತ್ತವನ್ನು ಅದು ನೆಕ್ಕುತ್ತದೆ.

ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕೆಂಬುದು ನಿಜ. ನಿಂತು ತೆಗೆದರೆ ದೊಡ್ಡ ತಲೆ, ಕುಳ್ಳ ಕಾಲು. ಆದರೆ ಕಾಡಂಚಿನ ತರಗೆಲೆಯ ಮೇಲೆ ಮಲಗಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳು ಡಿಸೆಂಬರ್‌ನಿಂದ ಮೇವರೆಗೆ ತರಗೆಲೆಯಲ್ಲಿ ಹೆಚ್ಚು. ಗುಡಿಸಿದ ಅಂಗಳದಲ್ಲಿ ಚಾಪೆ ಹಾಕಿ ಮಲಗಿ, ಅಥವಾ ನೀವು ಮೆಟ್ಟಿಲ ಕೆಳಗೆ ಕುಳಿತು ನಾಯಿಯನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಿ. ಮಟ್ಟ ಒಂದೇ ಆಗುತ್ತದೆ. ಕಾಡಂಚಿಗೆ ಹೋಗಿಬಂದ ದಿನ ಬಿಸಿನೀರಿನ ಸ್ನಾನ ನಿಮಗೆ. ನಾಯಿಗೆ ಕಿವಿಯ ಒಳಗೆ, ಕತ್ತಿನ ಪಟ್ಟಿಯಡಿ, ಬೆರಳ ಸಂದಿಯಲ್ಲಿ ಉಣುಗು ಹುಡುಕುವುದು.

ಪ್ರಶ್ನೆ: 50 ಎಂಎಂ, ಎಫ್ 1.8 ಲೆನ್ಸ್ ಕೊಂಡೆ. ಮೂಗು ಸ್ಪಷ್ಟ, ಕಣ್ಣು ಮಸುಕು. ಓಡುವಾಗಂತೂ ಪೂರ್ತಿ ಕಲಸಿದ ಹಾಗೆ.
— ಓದುಗರು, ಶಿವಮೊಗ್ಗ

ಉತ್ತರ: ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ. ಸಾಮಾನ್ಯ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಆ ಲೆನ್ಸನ್ನು ಎಫ್ 1.8ರಲ್ಲಿಟ್ಟು ಒಂದು ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂ.ಮೀ. ಉದ್ದ ಮೂತಿಯ ನಾಟಿ ನಾಯಿಗೆ ಮೂಗಿನಿಂದ ಕಣ್ಣಿಗೇ 8ರಿಂದ 10 ಸೆಂ.ಮೀ. ಇರುತ್ತದೆ. ಎಫ್ 4ಕ್ಕೆ ಬಂದು, ಒಂದೂವರೆ ಮೀಟರಿಗೆ ಹಿಂದೆ ಸರಿಯಿರಿ. ಆಳ 14 ಸೆಂ.ಮೀ. ಆಸುಪಾಸಿಗೆ ಏರುತ್ತದೆ. ಫೋಕಸ್ ಚುಕ್ಕೆ ನಿಮಗೆ ಹತ್ತಿರದ ಕಣ್ಣಿನ ಮೇಲಿರಲಿ. ಕ್ಯಾಮೆರಾ ತಾನೇ ಆರಿಸಿಕೊಂಡರೆ ಎದುರಿಗಿರುವ ಮೂಗನ್ನೇ ಹಿಡಿಯುವುದು ಹೆಚ್ಚು.

ಶಟರ್ ತೆರೆದಿರುವ ಹೊತ್ತು ನಡೆಯುವ ನಾಯಿಗೆ 1/500 ಸೆಕೆಂಡ್, ಓಡುವುದಕ್ಕೆ 1/1000ದಿಂದ 1/1600. ಮಳೆಗಾಲದ ಮಬ್ಬಿನಲ್ಲಿ ಇದಕ್ಕೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒ 1600, 3200ಕ್ಕೆ ಏರಿಸಲೇಬೇಕಾಗುತ್ತದೆ. ಹಿಂಜರಿಯಬೇಡಿ, ಫೋಟೊದಲ್ಲಿ ಕಾಳುಕಾಳು ಕಂಡರೆ ನೋಡಲಾಗುತ್ತದೆ, ಕಲಸಿದ ಮುಖವನ್ನು ನೋಡಲಾಗದು. ಫೋಕಸನ್ನು ಬೆನ್ನಟ್ಟುವ ವಿಧಾನಕ್ಕೆ (ಎಎಫ್-ಸಿ ಅಥವಾ ಎಐ ಸರ್ವೊ) ಇಟ್ಟು, ಇನ್ನೊಬ್ಬರು ಹತ್ತಿಪ್ಪತ್ತು ಮೀಟರ್ ಆಚೆಯಿಂದ ನಾಯಿಯನ್ನು ಬಿಡಲಿ, ನೀವು ಕರೆಯಿರಿ. ಇದು ಬೇಲಿ, ಗೇಟು ಭದ್ರವಿರುವ ಜಾಗದಲ್ಲಿ ಮಾತ್ರ. ಹೊಸ ನಾಯಿಗೆ ಇನ್ನೂ ಮನೆಯ ದಾರಿ ಗೊತ್ತಿರುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?
— ಓದುಗರು, ಆಗುಂಬೆ

ಉತ್ತರ: ಚರ್ಮದ ಚೀಲದಲ್ಲಿಡಬೇಡಿ, ಅದು ತೇವ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್: ತೇವಾಂಶ ಶೇ. 40ರಿಂದ 50ರೊಳಗೆ ಇರಲಿ. ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸಬೇಡಿ, ಹೊಗೆ ಮತ್ತು ಕಾವು ಎರಡೂ ಲೆನ್ಸಿಗೆ ಕೇಡು. ಎಸಿ ಕಾರಿನಿಂದ ಇಳಿದ ಮೇಲೆ ಅರ್ಧ ಗಂಟೆ ಚೀಲ ತೆರೆಯದೆ ಇದ್ದರೆ ಗಾಜು ಮಂಜಾಗುವುದಿಲ್ಲ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ. ಇದು ಯಾವ ತಳಿಗಳ ಬೆರಕೆ ಹೇಳಬಹುದೇ? ಉದ್ದ ಕಾಲು ನೋಡಿ ಮುಧೋಳ ಅನ್ನುತ್ತಾರೆ.
— ಓದುಗರು, ಭದ್ರಾವತಿ

ಉತ್ತರ: ನೋಟದಿಂದ ಹೇಳಲಾಗದು. ಕಾಲು ಉದ್ದ, ಹೊಟ್ಟೆ ಸಣ್ಣ ಇದ್ದ ಮಾತ್ರಕ್ಕೆ ಮುಧೋಳವಾಗುವುದಿಲ್ಲ. ನಮ್ಮ ಊರುನಾಯಿಗಳಲ್ಲೂ ಆ ಮೈಕಟ್ಟು ಸಾಕಷ್ಟಿದೆ. ತಳಿಯ ಹೆಸರಿಗಿಂತ ನಿಮಗೆ ತುರ್ತಾಗಿ ಬೇಕಾದದ್ದು ಗುರುತಿನ ಫೋಟೊಗಳು. ನೀವು ಕಳಿಸಿದ್ದರಲ್ಲಿ ನಾಯಿ ಸುರುಳಿ ಸುತ್ತಿ ಮಲಗಿದೆ, ಬಾಲವೂ ಕಾಣುವುದಿಲ್ಲ. ಪಟಾಕಿ ಸದ್ದಿಗೆ ಅದು ಓಡಿಹೋದರೆ ಈ ಫೋಟೊ ಹಿಡಿದು ಯಾರನ್ನು ಕೇಳುವುದು?

ನಿಂತಿರುವಾಗ ಎಡಬದಿ, ಬಲಬದಿ ಒಂದೊಂದು, ಎದುರಿನಿಂದ ಮುಖ, ಹಿಂದಿನಿಂದ ಬಾಲ, ಮತ್ತೆ ಮಚ್ಚೆ, ಗಾಯದ ಕಲೆ, ಸೀಳಿದ ಕಿವಿ ಏನಿದ್ದರೂ ಹತ್ತಿರದಿಂದ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಗಳ ಕಿವಿಯ ತುದಿ ಕತ್ತರಿಸಿರುತ್ತಾರೆ; ಇದ್ದರೆ ಅದನ್ನೂ ತೆಗೆದಿಡಿ. ಮೊಬೈಲಿನಲ್ಲಿ ಎರಡು ಪಟ್ಟು ಜೂಮ್ ಇಟ್ಟು, ಎರಡು ಮೀಟರ್ ದೂರದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂತಿ ಉಬ್ಬಿ ಮುಖದ ಗುರುತೇ ಬದಲಾಗುತ್ತದೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡ, ಕಿವಿಯಂಚನ್ನೂ ಬಾಲವನ್ನೂ ಅದು ಅಳಿಸಿಹಾಕುತ್ತದೆ. ಒಂದರಲ್ಲಿ ನಿಮ್ಮ ಮೊಣಕಾಲು ಪಕ್ಕದಲ್ಲಿರಲಿ, ಎತ್ತರ ತಿಳಿಯುತ್ತದೆ. ಮರಿಯಾದರೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಹೊಸದಾಗಿ ತೆಗೆದು, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.