ಕರಗುವ ಹೊಲಿಗೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಸಿಸೇರಿಯನ್ ಆಗಿ ಐದು ವಾರ ಆಯಿತು. ಹೊಲಿಗೆ ತಾನೇ ಕರಗುತ್ತದೆ, ಬಿಚ್ಚಿಸಬೇಕಾಗಿಲ್ಲ ಎಂದಿದ್ದರು. ಮೊನ್ನೆ ಗಾಯದ ತುದಿಯಲ್ಲಿ ನೇರಳೆ ದಾರದ ಚೂರು ಇಣುಕಿತು. ಚೀಟಿಯಲ್ಲಿ ವಿಕ್ರಿಲ್ ಎಂದು ಬರೆದಿದೆ. ಅದು ಪ್ಲಾಸ್ಟಿಕ್ ಅಂತೆ, ನಿಜವಾ? ಮಗುವಿಗೆ ಹಾಲು ಕೊಡುತ್ತಿದ್ದೇನೆ.

ಉತ್ತರ: ಮೊದಲು ಆ ಚೂರಿನ ವಿಷಯ. ಎಳೆಯಬೇಡಿ. ಚರ್ಮದ ಹತ್ತಿರದ ಗಂಟು ಒಮ್ಮೊಮ್ಮೆ ಕರಗುವ ಮೊದಲೇ ಹೊರಗೆ ಬರುತ್ತದೆ. ಕೀವು, ಜ್ವರ ಇದ್ದರೆ, ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೂ ಮುಂದಿನ ತಪಾಸಣೆಯಲ್ಲಿ ಹೇಳಿ, ಬೇಕಾದರೆ ಅವರೇ ಕತ್ತರಿಸುತ್ತಾರೆ.

ಇನ್ನು ಪ್ಲಾಸ್ಟಿಕ್. ಹೌದು, ಆದರೆ ಬಕೆಟ್ಟಿನ ಜಾತಿಯದ್ದಲ್ಲ. ವಿಕ್ರಿಲ್‌ನಲ್ಲಿ ಎರಡು ರಾಸಾಯನಿಕಗಳಿವೆ: 90 ಪಾಲು ಗ್ಲೈಕೊಲೈಡ್, 10 ಪಾಲು ಲ್ಯಾಕ್ಟೈಡ್. ಎರಡನ್ನೂ ಒಂದೇ ಸರದಲ್ಲಿ ಪೋಣಿಸಿರುತ್ತಾರೆ, ಅದಕ್ಕೇ ಕೋಪಾಲಿಮರ್ ಎನ್ನುವುದು. ಈ ಸರದ ಕೊಂಡಿ ಬಿಡಿಸುವುದು ನೀರು, ನಮ್ಮ ಮೈಯಲ್ಲಿರುವ ಮಾಮೂಲಿ ನೀರು. ಕುರಿ, ದನದ ಕರುಳಿನಿಂದ ಮಾಡುವ ಹಳೆಯ ಕ್ಯಾಟ್‌ಗಟ್ ದಾರವನ್ನು ಕಿಣ್ವಗಳೇ ಅರಗಿಸಬೇಕು, ಅದರಿಂದ ಊತ ಜಾಸ್ತಿ, ಎಷ್ಟು ದಿನಕ್ಕೆ ಕರಗುತ್ತದೆ ಎಂದು ಹೇಳುವುದೂ ಕಷ್ಟ. ವಿಕ್ರಿಲ್‌ಗೆ ಹೆಚ್ಚುಕಮ್ಮಿ ಒಂದು ಲೆಕ್ಕ ಇದೆ: ಎರಡು ವಾರಕ್ಕೆ ಮುಕ್ಕಾಲು ಬಲ ಉಳಿದಿರುತ್ತದೆ, ಮೂರಕ್ಕೆ ಅರ್ಧ, ನಾಲ್ಕಕ್ಕೆ ಕಾಲು. ಬಲ ಹೋದ ಮೇಲೂ ದಾರ ಅಲ್ಲೇ ಇರುತ್ತದೆ, ಪೂರ್ತಿ ಮಾಯವಾಗಲು 56ರಿಂದ 70 ದಿನ ಬೇಕು. ನಿಮ್ಮದಿನ್ನೂ ಐದನೇ ವಾರ, ಅದಕ್ಕೇ ಕಣ್ಣಿಗೆ ಬಿದ್ದಿದೆ.

ಒಡೆದು ಬರುವುದು ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕೊಲಿಕ್ ಆಮ್ಲ. ಮೊದಲನೆಯದು ಮೊಸರಿನ ಹುಳಿಯೇ, ಜೋರಾಗಿ ಓಡಿದಾಗ ನಿಮ್ಮ ಮಾಂಸಖಂಡದಲ್ಲೂ ಹುಟ್ಟುತ್ತದೆ. ಎರಡನೆಯದರಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ದಾರದಿಂದ ಬರುವುದಾದರೂ ಎಷ್ಟು? ಸುಮ್ನೆ ಹೆದರಬೇಡಿ, ಹಾಲು ಕೊಡುವುದನ್ನು ನಿಲ್ಲಿಸಬೇಡಿ.

ನನಗೆ ಇದರಲ್ಲಿ ಮಜಾ ಅನಿಸುವುದು ಪಾಲಿನ ಆಟ. ಲ್ಯಾಕ್ಟೈಡ್ ನೀರನ್ನು ಹತ್ತಿರ ಸೇರಿಸುವುದಿಲ್ಲ, ಅದು ಜಾಸ್ತಿಯಾದರೆ ಕರಗುವುದು ನಿಧಾನ. ಹಾಗಿದ್ದರೆ ಅರ್ಧಕ್ಕರ್ಧ ಬೆರೆಸಿದ್ದು ನಡುವೆ ಎಲ್ಲೋ ನಿಲ್ಲಬೇಕು, ಅಲ್ವಾ? ಇಲ್ಲ, ಅದೇ ಎಲ್ಲಕ್ಕಿಂತ ಬೇಗ ಕರಗುತ್ತದೆ. ಒಂದೇ ಅಳತೆಯ ಇಟ್ಟಿಗೆ ಒತ್ತಾಗಿ ಕೂರುತ್ತದೆ. ಇಟ್ಟಿಗೆ, ಕಾಡುಕಲ್ಲು ಎರಡನ್ನೂ ಕಲಸಿ ಕಟ್ಟಿದರೆ ಸಂದಿಯೇ ಸಂದಿ, ನೀರು ನುಗ್ಗುತ್ತದೆ. ಹೊಲಿಗೆ ದಾರಕ್ಕೆ ಅದು ಆಗಿಬರುವುದಿಲ್ಲ, ಔಷಧ ತುಂಬಿಟ್ಟು ಮೈಯೊಳಗೆ ನಿಧಾನಕ್ಕೆ ಬಿಡಲು ಮಾತ್ರ ಲ್ಯಾಕ್ಟೈಡ್ ಹೆಚ್ಚಿರುವ ಬೆರಕೆಗಳೇ ಚೆನ್ನ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯುಪ್ರೊಲೈಡ್‌ನ ತಿಂಗಳ ಇಂಜೆಕ್ಷನ್‌ನಲ್ಲಿ ಇರುವುದು ಲ್ಯಾಕ್ಟೈಡ್ 75, ಗ್ಲೈಕೊಲೈಡ್ 25 ಪಾಲಿನ ಪುಟಾಣಿ ಗುಂಡುಗಳು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಅದಕ್ಕೂ ಮೊದಲು ಅದೇ ಔಷಧವನ್ನು ದಿನಾ ಚುಚ್ಚಿಸಿಕೊಳ್ಳಬೇಕಿತ್ತು.